ಹಳೆಯ ಜೀಪಿಗೆ ಇಂಜೆಕ್ಷನ್: ಪೆಟ್ರೋಲ್ ಪೂರೈಕೆಯ ಆಯ್ಕೆ



ಮಲೆನಾಡಿನ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳು ಇನ್ನೂ ಗೊಬ್ಬರ, ಸಸಿ ಹೊತ್ತು ಏರು ಹತ್ತುತ್ತಿವೆ. ಕಡಿದಾದ ಏರಿನಲ್ಲಿ ಕಾರ್ಬುರೇಟರಿನೊಳಗಿನ ಪೆಟ್ರೋಲ್ ಒಂದು ಕಡೆಗೆ ವಾಲಿ ಎಂಜಿನ್ ನಿಂತುಹೋಗುವುದುಂಟು. ಆದ್ದರಿಂದ ಕೆಲವರು ಇಂಜೆಕ್ಷನ್ ಕೂಡಿಸಲು ಮುಂದಾಗುತ್ತಾರೆ. ಇಂಜೆಕ್ಟರಿಗೆ ಹಣ ಹಾಕಿ ಪೆಟ್ರೋಲ್ ಪೂರೈಕೆಯನ್ನು ಕಡೆಗಣಿಸಿದರೆ ಜೀಪು ಮತ್ತೆ ಅದೇ ಏರಿನಲ್ಲಿ ನಿಲ್ಲುತ್ತದೆ. ನಳಿಕೆ ಬಿರಿದರೆ ಬೆಂಕಿಯೂ ಹತ್ತೀತು.

ಕಾರ್ಬುರೇಟರಿಗೆ ಚದರ ಅಂಗುಲಕ್ಕೆ ಸುಮಾರು 4ರಿಂದ 6 ಪೌಂಡ್ ಒತ್ತಡ ಸಾಕು. ಸಿಲಿಂಡರಿಗೊಂದು ಇಂಜೆಕ್ಟರ್ ಇರುವ ವ್ಯವಸ್ಥೆಗೆ ಸಾಮಾನ್ಯವಾಗಿ ಸುಮಾರು 43 ಪೌಂಡ್ ಬೇಕು. ಇದು ಹಳೆಯ ಪಂಪಿನಿಂದ ಆಗದು. ವಿದ್ಯುತ್ ಪಂಪು ಅವಶ್ಯಕ. ಈ ಪಂಪೂ ಬಾವಿಯ ಪಂಪ್‌ಸೆಟ್ಟಿನಂತೆಯೇ ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ದುರ್ಬಲ.

ಆಯ್ಕೆಗಳು ಮೂರು:

1. ಟ್ಯಾಂಕಿನೊಳಗಿನ ಪಂಪು: ಪೆಟ್ರೋಲಿನಲ್ಲೇ ಮುಳುಗಿರುವುದರಿಂದ ತಂಪಾಗಿರುತ್ತದೆ, ಸದ್ದು ಕಡಿಮೆ. ಆದರೆ ಟ್ಯಾಂಕನ್ನು ಕೊಯ್ಯಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಬೆಸುಗೆಯ ಕಿಡಿಗೆ ಸಿಡಿಯುತ್ತದೆ. ಊರಿನ ಬೆಸುಗೆ ಅಂಗಡಿಯಲ್ಲಿ ಈ ಕೆಲಸ ಬೇಡ.

2. ಹೊರಗಿನ ಪಂಪು: ಖರ್ಚು ಕಡಿಮೆ. ಟ್ಯಾಂಕಿಗೆ ಹತ್ತಿರ, ಅದರ ತಳಕ್ಕಿಂತ ಕೆಳಗೆ ಕೂಡಿಸಬೇಕು. ಪೆಟ್ರೋಲ್ ಕಡಿಮೆಯಿದ್ದಾಗ ಏರಿನಲ್ಲಿ ಗಾಳಿ ಎಳೆದುಕೊಳ್ಳುತ್ತದೆ.

3. ಉಪಟ್ಯಾಂಕು: ಕಡಿಮೆ ಒತ್ತಡದ ಪಂಪು ಒಂದೆರಡು ಲೀಟರಿನ ಚಿಕ್ಕ ಟ್ಯಾಂಕನ್ನು ಸದಾ ತುಂಬಿಸುತ್ತದೆ, ಅದರ ತಳದಿಂದ ಹೆಚ್ಚು ಒತ್ತಡದ ಪಂಪು ಇಂಜೆಕ್ಟರಿಗೆ ತಳ್ಳುತ್ತದೆ. ಮಿಕ್ಕಿದ್ದು ದೊಡ್ಡ ಟ್ಯಾಂಕಿಗೆ ಮರಳಲು ನಳಿಕೆ ಬೇಕು. ಗುಡ್ಡಗಾಡಿನ ಜೀಪಿಗೆ ಇದೇ ಮೇಲು. ಸೈಲೆನ್ಸರಿನ ಕಾವು ತಾಗದ ಕಡೆ, ಕೂರುವ ಜಾಗದ ಹೊರಗೆ ಇಡಬೇಕು.

ಪಂಪಿನ ಗಾತ್ರವನ್ನು ಲೆಕ್ಕಮಾಡಿಯೇ ಕೊಳ್ಳಬೇಕು. 60 ಅಶ್ವಶಕ್ತಿಯ ಎಂಜಿನ್ ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 18 ಲೀಟರ್ ಕುಡಿಯುತ್ತದೆ. ಕೆಲಸದ ಒತ್ತಡದಲ್ಲಿ 25 ಲೀಟರ್ ಕೊಡುವ ಪಂಪು ಸಾಕು. ಅತಿ ದೊಡ್ಡ ಪಂಪು ಪೆಟ್ರೋಲನ್ನು ಸುಮ್ಮನೆ ಸುತ್ತಿಸಿ ಬಿಸಿಮಾಡುತ್ತದೆ.

ಪಂಪಿಗೆ ಮೊದಲು ದೊಡ್ಡ ಕಣ್ಣಿನ ಜಾಲರಿ, ನಂತರ ಸೂಕ್ಷ್ಮ ಫಿಲ್ಟರ್ ಇರಲಿ. ಹಳೆಯ ರಬ್ಬರ್ ನಳಿಕೆಗಳನ್ನು ಉಳಿಸಬಾರದು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ನೂರಕ್ಕೆ 20ಕ್ಕೆ ಮುಟ್ಟಿತು. ಹಳೆಯ ರಬ್ಬರನ್ನು ಅದು ಕೆಡಿಸುತ್ತದೆ. ಎಥೆನಾಲ್ ತಾಳುವ, ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ನಳಿಕೆಯನ್ನೇ ಹಾಕಿಸಿ. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವಂತೆ ರಿಲೇ ಕೂಡಿಸುವುದು ಕಡ್ಡಾಯ. ಇಲ್ಲವಾದರೆ ಅಪಘಾತದಲ್ಲಿ ಹರಿದ ನಳಿಕೆಯಿಂದ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ.

ಕೆಲಸ ಹಿಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ. ಮೊದಲು ಪೂರೈಕೆಯನ್ನು ಭದ್ರಪಡಿಸಿ, ಅನಂತರ ಇಂಜೆಕ್ಟರ್ ಕೊಳ್ಳಿ.