ಸ್ಯಾಂಪ್ಲರ್: ಧ್ವನಿಯನ್ನು ಹಿಡಿಯುವ ಮತ್ತು ನಿಭಾಯಿಸುವ ಕಲೆ

ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವು ನಾದವನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಸ್ಯಾಂಪ್ಲರಿಗೆ ಅಂತಹ ಸ್ವಂತ ದನಿಯಿಲ್ಲ. ಡ್ರಮ್ಮಿನ ಒಂದು ಪೆಟ್ಟಾಗಲಿ, ಹಳೆಯ ಗ್ರಾಮಫೋನ್ ತಟ್ಟೆಯ ಒಂದು ತುಣುಕಾಗಲಿ, ಬಾಗಿಲು ಮುಚ್ಚಿದ ಸದ್ದಾಗಲಿ, ಹೊರಗಿನ ಯಾವುದೇ ಧ್ವನಿಯನ್ನು ಅಂಕಿಗಳ ರೂಪದಲ್ಲಿ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ವಾದಕನು ಕೀಲಿಯನ್ನೋ ರಬ್ಬರಿನ ಪ್ಯಾಡನ್ನೋ ಒತ್ತಿದಾಗ ಅದನ್ನು ನುಡಿಸುವುದು ಈ ಯಂತ್ರದ ಕೆಲಸ. ಹಾಗೆ ಹಿಡಿದಿಟ್ಟ ತುಣುಕನ್ನು ಸ್ಯಾಂಪಲ್ ಎನ್ನುತ್ತಾರೆ. ಆಸ್ಟ್ರೇಲಿಯದ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ಹೊರತಂದ ಫೇರ್‌ಲೈಟ್ ಈ ವಿದ್ಯೆಯ ಆರಂಭದ ಯಂತ್ರಗಳಲ್ಲೊಂದಾದರೂ, ಅದರ ಬೆಲೆ ಸಿರಿವಂತ ಸ್ಟುಡಿಯೋಗಳಿಗಷ್ಟೇ ಎಟುಕುವಂತಿತ್ತು. 1987ರಲ್ಲಿ ಬಂದ ಇ-ಮು ಸಂಸ್ಥೆಯ ಎಸ್‌ಪಿ-1200 ಮತ್ತು ಮರುವರ್ಷ ರೋಜರ್ ಲಿನ್ ವಿನ್ಯಾಸದಲ್ಲಿ ಬಂದ ಅಕಾಯ್ ಎಂಪಿಸಿ-60 ಇವೆರಡು ಅಮೆರಿಕದ ಹಿಪ್-ಹಾಪ್ ಸಂಗೀತಗಾರರ ಮುಖ್ಯ ವಾದ್ಯಗಳಾದವು.

ಧ್ವನಿ ಎಂದರೆ ಗಾಳಿಯ ಕಂಪನ. ಮೈಕು ಅದನ್ನು ಏರಿಳಿಯುವ ವಿದ್ಯುತ್ತಾಗಿ ಮಾರ್ಪಡಿಸಿದ ಮೇಲೆ, ಸ್ಯಾಂಪ್ಲರ್ ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಎಸ್‌ಪಿ-1200 ಸೆಕೆಂಡಿಗೆ ಸುಮಾರು 26,000 ಸಲ ಅಳೆಯುತ್ತದೆ, ಎಂಪಿಸಿ-60 40,000 ಸಲ. ಅಳತೆಯ ವೇಗದ ಅರ್ಧಕ್ಕಿಂತ ಹೆಚ್ಚಿನ ಕಂಪನಗಳನ್ನು ಹಿಡಿಯಲಾಗದೆಂಬುದು ಇಲ್ಲಿನ ನಿಯಮವಾದ್ದರಿಂದ, ಮನುಷ್ಯನ ಕಿವಿ ಸುಮಾರು 20,000 ಕಂಪನಗಳವರೆಗೆ ಗ್ರಹಿಸಬಲ್ಲುದಾದರೂ ಎಸ್‌ಪಿ-1200ರಲ್ಲಿ 13,000ಕ್ಕಿಂತ ಮೇಲಿನವು ಉಳಿಯುವುದಿಲ್ಲ. ಪ್ರತಿ ಅಳತೆಗೂ ಅದು 12 ಬಿಟ್‌ಗಳನ್ನು, ಅಂದರೆ 4,096 ಮೆಟ್ಟಿಲುಗಳನ್ನು ಮಾತ್ರ ಬಳಸುತ್ತದೆ; ಅನಂತರದ 16 ಬಿಟ್ ಯಂತ್ರಗಳಲ್ಲಿ ಮೆಟ್ಟಿಲುಗಳು 65,536. ಎಂಜಿನಿಯರನಿಗೆ ಇದು ಕೊರತೆಯೇ ಸರಿ, ಆದರೆ ಆ ಒರಟು ದನಿಗಾಗಿಯೇ ಇಂದಿಗೂ ಹಳೆಯ ಯಂತ್ರಗಳನ್ನು ಹುಡುಕಿ ಕೊಳ್ಳುವವರಿದ್ದಾರೆ.

ನಿಜವಾದ ಇಕ್ಕಟ್ಟು ಇದ್ದದ್ದು ಮೆಮೊರಿಯಲ್ಲಿ. ಎಸ್‌ಪಿ-1200ರ ಒಟ್ಟು ಸಾಮರ್ಥ್ಯ ಸುಮಾರು ಹತ್ತು ಸೆಕೆಂಡು, ಒಂದು ತುಣುಕಿಗೆ ಎರಡೂವರೆ ಸೆಕೆಂಡು ಮೀರುವಂತಿರಲಿಲ್ಲ. ಬಳಸುವವರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು: ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ಮುದ್ರಿಸಿಕೊಂಡು, ಅನಂತರ ಯಂತ್ರದೊಳಗೆ ಶ್ರುತಿಯನ್ನು ಇಳಿಸುತ್ತಿದ್ದರು. ಎರಡೂವರೆ ಸೆಕೆಂಡಿನ ಜಾಗದಲ್ಲಿ ಹೀಗೆ ಮೂರು ಸೆಕೆಂಡಿಗೂ ಮಿಕ್ಕಿದ ಸಂಗೀತ ಹಿಡಿಯುತ್ತಿತ್ತು. ಶ್ರುತಿ ಇಳಿಸುವಾಗ ಸೇರುವ ಗೊರಗೊರ ಸದ್ದು ಹಾಡಿನ ಗುಣವೇ ಆಗಿಬಿಟ್ಟಿತು. ಇಡೀ ಸಾಲು ಹಿಡಿಸದಿದ್ದಾಗ ಅದನ್ನು ಪೆಟ್ಟು ಪೆಟ್ಟಾಗಿ ಕತ್ತರಿಸಿ, ಬೇರೆ ಬೇರೆ ಪ್ಯಾಡುಗಳಿಗೆ ಹಂಚಿ, ಹೊಸ ಅನುಕ್ರಮದಲ್ಲಿ ನುಡಿಸುವ ಪದ್ಧತಿ ಬೆಳೆಯಲೂ ಈ ಜಾಗದ ಬಡತನ ಬಹುಮಟ್ಟಿಗೆ ಕಾರಣವಾಯಿತು.

ಮುದ್ರಣದಲ್ಲಿ ಗಮನಿಸಬೇಕಾದ ಮೊದಲ ಸಂಗತಿ ಒಳಬರುವ ಧ್ವನಿಯ ಮಟ್ಟ. ಅದು ಗರಿಷ್ಠ ಮಿತಿಯನ್ನು ದಾಟಿದರೆ ತರಂಗದ ನೆತ್ತಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ, ತೀರ ಕೆಳಗಿದ್ದರೆ ಇರುವ ಮೆಟ್ಟಿಲುಗಳಲ್ಲಿ ಕೆಲವೇ ಬಳಕೆಯಾಗಿ ಗದ್ದಲ ಎದ್ದು ಕೇಳುತ್ತದೆ. ಆದ್ದರಿಂದ ಅತ್ಯಂತ ಜೋರಾದ ಭಾಗವು ಮಿತಿಗಿಂತ ತುಸುವೇ ಕೆಳಗಿರುವಂತೆ ಹೊಂದಿಸಿಕೊಳ್ಳಬೇಕು. ಆಮೇಲಿನದು ತುದಿಗಳನ್ನು ಕತ್ತರಿಸುವ ಕೆಲಸ. ಪೆಟ್ಟಿನ ಮುಂಚಿನ ಮೌನ ಕೂದಲೆಳೆಯಷ್ಟು ಉಳಿದರೂ ಪ್ಯಾಡ್ ಒತ್ತಿದಾಗ ಧ್ವನಿ ತಡವಾಗಿ ಹೊಮ್ಮಿ ಲಯ ಜಾರುತ್ತದೆ. ತರಂಗವು ಶೂನ್ಯವನ್ನು ದಾಟುವ ಬಿಂದುವಿನಲ್ಲಿ ಕತ್ತರಿಸದಿದ್ದರೆ ‘ಟಕ್’ ಎಂಬ ಬೇಡದ ಸದ್ದು ಕೇಳಿಸುತ್ತದೆ. ತುಣುಕು ಬಿಡದೆ ಮರುಕಳಿಸುವಂತೆ ಮಾಡುವ ಲೂಪಿನಲ್ಲಂತೂ ಈ ದೋಷ ಪ್ರತಿ ಸುತ್ತಿಗೂ ಕಿವಿಗೆ ಚುಚ್ಚುತ್ತದೆ.

ಹಿಡಿದದ್ದನ್ನು ಉಳಿಸುವುದು ಇನ್ನೊಂದು ಹೊಣೆ. ಆ ಹಳೆಯ ಯಂತ್ರಗಳಲ್ಲಿ ವಿದ್ಯುತ್ ನಿಂತರೆ ಮೆಮೊರಿಯೂ ಅಳಿಯುತ್ತಿದ್ದುದರಿಂದ ಎಲ್ಲವನ್ನೂ ಫ್ಲಾಪಿಗೆ ಬರೆದಿಡಬೇಕಾಗಿತ್ತು. ಸಿ.ಡಿ. ಗುಣಮಟ್ಟದ ಒಂದು ಸೆಕೆಂಡು ಏಕಧ್ವನಿಗೆ 88,200 ಬೈಟ್ ಬೇಕು. ಆ ಲೆಕ್ಕದಲ್ಲಿ 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಹದಿನಾರು ಸೆಕೆಂಡಿನಷ್ಟು ಧ್ವನಿ ಹಿಡಿದೀತು. ಇಂದಿನ ಯಂತ್ರಗಳು ಬೆರಳುಗುರಿನಷ್ಟು ಕಾರ್ಡಿನಲ್ಲಿ ಗಂಟೆಗಟ್ಟಲೆ ಧ್ವನಿಯನ್ನು ಇಟ್ಟುಕೊಳ್ಳುತ್ತವೆ. ಇದರಿಂದ ಕೆಲಸ ಹಗುರವಾಯಿತೆನ್ನುವಂತಿಲ್ಲ: ‘ಹೊಸದು 1’, ‘ಹೊಸದು 2’ ಎಂಬ ಹೆಸರಿನ ನೂರಾರು ತುಣುಕುಗಳ ನಡುವೆ ಬೇಕಾದ ಒಂದನ್ನು ಹುಡುಕುವುದಕ್ಕಿಂತ ಅದನ್ನು ಮತ್ತೆ ಮುದ್ರಿಸುವುದೇ ಸಲೀಸು. ವಾದ್ಯದ ಹೆಸರು, ಶ್ರುತಿ, ವೇಗ ಇವಿಷ್ಟನ್ನು ಉಳಿಸುವ ಹೊತ್ತಿನಲ್ಲೇ ಗುರುತಿಸಿಡಬೇಕು.

ಅನ್ಯರ ಧ್ವನಿಮುದ್ರಿಕೆಯಿಂದ ತೆಗೆದ ತುಣುಕಾದರೆ ಮೂಲದ ವಿವರವೂ ಅದರೊಡನೆ ಇರಬೇಕು. ಗಾಯಕ ಬಿಜ್ ಮಾರ್ಕಿ ಅವರು ಗಿಲ್ಬರ್ಟ್ ಓ'ಸಲಿವನ್ ಅವರ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ 1991ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು. ಅಂದಿನಿಂದ ಅಲ್ಲಿನ ಧ್ವನಿಮುದ್ರಣ ಸಂಸ್ಥೆಗಳು ಹಾಡು ಬಿಡುಗಡೆಗೊಳಿಸುವ ಮುನ್ನ ಒಳಗಿನ ಪ್ರತಿಯೊಂದು ತುಣುಕೂ ಯಾರದೆಂದು ವಿಚಾರಿಸಿ ಒಪ್ಪಿಗೆ ಪಡೆಯುವುದು ರೂಢಿಯಾಗಿದೆ.