ಕಾರವಾರದ ಮೂವರು ಅಧಿಕಾರಿಗಳೂ ಕಂಬಳಿಹುಳುಗಳೂ



ರಾಗಿಗುಡ್ಡದ ಈ ಉಪನ್ಯಾಸ ಮಾಲೆಯಲ್ಲಿ ಕಾವ್ಯ, ಶಾಸನ, ಸಂಗೀತಗಳ ನಡುವೆ ಕಂಬಳಿಹುಳುವಿಗೂ ಒಂದು ಸಂಜೆಯನ್ನು ಮೀಸಲಿರಿಸಿದ ಸಂಘದ ಔದಾರ್ಯಕ್ಕೆ ನಾನು ಋಣಿ.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಮಂದಿ ಕೂಡಿ, ತಾವು ಕಂಡ ಪ್ರಾಣಿಪಕ್ಷಿಗಳ ವಿಷಯವನ್ನು ಪರಸ್ಪರ ಅರುಹಿಕೊಳ್ಳಲೋಸುಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಇಂಥ ಸಂಸ್ಥೆಗಳೆಲ್ಲ ಬರಿಯ ದೊರೆಗಳ ವಿನೋದವೆಂದು ಭಾವಿಸುವವರು, ಆ ಎಂಟರಲ್ಲಿ ಆತ್ಮಾರಾಮ ಪಾಂಡುರಂಗರೂ ಸಖಾರಾಮ ಅರ್ಜುನರೂ ಇದ್ದುದನ್ನು ಮರೆಯಲಾಗದು. 1886ರಲ್ಲಿ ಸೊಸೈಟಿಯ ಪತ್ರಿಕೆ ಹೊರಟಿತು. ಅದರ ಸಂಪುಟಗಳಲ್ಲಿ ನಮ್ಮ ನಾಡಿಗೆ ಅತ್ಯಂತ ಸಮೀಪದ್ದೆಂದು ನಾನೆಣಿಸುವುದು, ಶತಮಾನದ ಕೊನೆಯ ದಶಕದಲ್ಲಿ ಕಂತುಕಂತಾಗಿ ಅಚ್ಚಾದ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಲೇಖನಮಾಲೆ.

ಅದರ ಕರ್ತೃಗಳು ಮೂವರು. ಡೇವಿಡ್ಸನ್ ಜಿಲ್ಲೆಯ ಕಲೆಕ್ಟರು, ಬೆಲ್ ಅರಣ್ಯಾಧಿಕಾರಿ, ಸೊಸೈಟಿಯ ಸ್ಥಾಪಕರಲ್ಲೊಬ್ಬನಾದ ಏಟ್‌ಕಿನ್ ಉಪ್ಪು-ಸುಂಕದ ಇಲಾಖೆಯವನು. ರೆಕ್ಕೆಯ ಚೆಲುವಿಗೆ ಮರುಳಾಗಿ ಸತ್ತ ಚಿಟ್ಟೆಗಳನ್ನು ಸೂಜಿಗೆ ಚುಚ್ಚಿಡುವುದೇ ವಿದ್ವತ್ತೆನಿಸಿದ್ದ ಕಾಲದಲ್ಲಿ, ಇವರು ಮರಿಹುಳುಗಳನ್ನು ತಂದು ಸಾಕಿ, ಅವು ಯಾವ ಗಿಡದ ಎಲೆಯನ್ನು ತಿಂದವು, ಕೋಶದ ಆಕಾರವೆಂತು ಎಂಬುದನ್ನೆಲ್ಲ ಬರೆದಿಟ್ಟರು. ಎಕ್ಕದ ಗಿಡಕ್ಕೊಂದು, ನಿಂಬೆಯ ಚಿಗುರಿಗೊಂದು ಚಿಟ್ಟೆಯ ಸಂಸಾರ. ಸಹ್ಯಾದ್ರಿಯ ಮಹಾಚಿಟ್ಟೆಗೆ ಈಶ್ವರಿ ಬಳ್ಳಿಯೇ ತವರು. ಆದುದರಿಂದಲೇ ಈ ದಾಖಲೆಯನ್ನು ಶಿವಮೊಗ್ಗದ ಯಾವ ಹಿತ್ತಿಲಲ್ಲಾದರೂ ನಿಂತು ಪರೀಕ್ಷಿಸಬಹುದು, ಮ್ಯೂಸಿಯಮ್ಮಿನ ಬೀಗದಕೈ ಬೇಕಿಲ್ಲ.

ಏಟ್‌ಕಿನ್ 1894ರಲ್ಲಿ ವರ್ಣಿಸಿದ ಒಂದು ಹುಳುವಂತೂ ಸೋಜಿಗವೇ ಸರಿ. ಸ್ಪಾಲ್ಗಿಸ್ ಎಂಬ ಪುಟ್ಟ, ಮಂಕುಬಣ್ಣದ ಚಿಟ್ಟೆಯ ಮರಿ ತನ್ನ ಕುಲಧರ್ಮವನ್ನು ತೊರೆದು, ಎಲೆಯನ್ನು ಬಿಟ್ಟು ಗಿಡಕ್ಕಂಟಿದ ಹಿಟ್ಟುತಿಗಣೆಗಳನ್ನು ಭಕ್ಷಿಸುತ್ತದೆ. ಅವುಗಳ ಬಿಳಿಯ ಪುಡಿಯನ್ನೇ ಮೈಗೆ ಬಳಿದುಕೊಂಡು ಅವುಗಳ ನಡುವೆಯೇ ಅಡಗುತ್ತದೆ. ಕೋಶವಾದ ಮೇಲೆ, ಕೆಲವೇ ಮಿಲಿಮೀಟರಿನ ಆ ಕಾಯ ಕೋತಿಯ ಮುಖವನ್ನು ಯಥಾವತ್ತಾಗಿ ತಳೆಯುತ್ತದೆ. ಅಡಿಕೆ, ಕಾಫಿ, ದಾಳಿಂಬೆಗಳ ರೈತನಿಗೆ ಹಿಟ್ಟುತಿಗಣೆಯ ಕಾಟ ಎಂಥದೆಂಬುದನ್ನು ಬಲ್ಲ ಈ ಸಭೆಗೆ, ಆ ಮರ್ಕಟಮುಖಿ ಬಂಧುವೋ ವಿನೋದವೋ ಎಂಬುದನ್ನು ನಾನು ಹೇಳಬೇಕಿಲ್ಲ.

ಮುಂದೆ ಇದೇ ಸೊಸೈಟಿ 1911ರಲ್ಲಿ ಸಸ್ತನಿಗಳ ಸಮೀಕ್ಷೆಗೆ ತೊಡಗಿ ಧಾರವಾಡ, ಕನ್ನಡ ಜಿಲ್ಲೆ, ಕೊಡಗುಗಳಿಂದ ಚರ್ಮಗಳನ್ನೂ ಕಪಾಲಗಳನ್ನೂ ಕೂಡಿಹಾಕಿತು. 1939-40ರಲ್ಲಿ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿ, ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಅವೆಲ್ಲ ದೊಡ್ಡ ಕಾರ್ಯಗಳು, ಸಂದೇಹವಿಲ್ಲ. ಆದರೂ ಬಂದೂಕಿನ ಗುರಿಗಿಂತ ತಾಳ್ಮೆಯೇ ಮುಂದಾಗಿ ನಡೆದ ಕಾರವಾರದ ಕೆಲಸವನ್ನೇ ನಾನು ಮೇಲೆಂಬೆನು.

ಮೂವರಲ್ಲಿ ಬೆಲ್ ಒಬ್ಬನೇ ಈ ನೆಲವನ್ನು ಬಿಟ್ಟು ಹೋಗಲಿಲ್ಲ. ಚಿಟ್ಟೆಗಳ ಬಳಿಕ ಅವನು ಪತಂಗಗಳತ್ತ ತಿರುಗಿ, ಸ್ಕಾಟ್ ಎಂಬಾತನೊಡನೆ ರಚಿಸಿದ ಗಿಡುಗಪತಂಗಗಳ ಗ್ರಂಥ 1937ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಹೊರಬಂದಿತು. ನಿವೃತ್ತಿಯ ತರುವಾಯವೂ ಕಾರವಾರದಲ್ಲಿಯೇ ನೆಲೆಸಿ, ಅಲ್ಲಿಯೇ 1948ರಲ್ಲಿ ತೀರಿಕೊಂಡನು.