ಸಾಮಾಜಿಕ ಜಾಲತಾಣದಲ್ಲಿ ವಿಜ್ಞಾನ ಕಲಿಕೆ: ಮಕ್ಕಳ ಮಾತನ್ನೂ ಕೇಳೋಣ



ದಿಕ್ಸೂಚಿ ಭಾಷಣ ಮಾಡಲು ನಾನು ಪ್ರಾಧ್ಯಾಪಕನಲ್ಲ. ಇದೇ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎ.ಸಿ. ರಿಪೇರಿ ಮಾಡುತ್ತಿರುವವನು. ಬೋರ್ಡಿನಲ್ಲಿ ಅಲ್ ಜಾಹಿಯಾ ಎಂದಾದರೂ ನಮ್ಮ ಬಾಯಿಗೆ ಹಳೇ ಹೆಸರೇ ಬರುತ್ತದೆ.

ನನ್ನ ಮಗಳು ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದಲ್ಲಿ ಫೇಲಾದಳು. "ಮೊದಲು ಆ ವಾಟ್ಸಾಪ್ ಗ್ರೂಪ್ ಬಿಡು" ಎಂದು ಗದರಿದೆ. ಇಲ್ಲಿಂದ ವಾಟ್ಸಾಪ್ ಕರೆ ಹೋಗುವುದಿಲ್ಲವಲ್ಲ, ಬೈಗುಳವೂ ವಾಯ್ಸ್ ಮೆಸೇಜಿನಲ್ಲೇ. ಉತ್ತರ ಮರುದಿನ ಬಂತು: "ಅಪ್ಪಾ, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು ನಾನು. ಕ್ಲಾಸಿನಲ್ಲಿ ಕೈ ಎತ್ತಲು ಹೆದರಿಕೆ. ಗ್ರೂಪಿನಲ್ಲಿ ಒಬ್ಬಳು ಕನ್ನಡದಲ್ಲಿ ಹೇಳಿಕೊಡ್ತಾಳೆ. ಅದನ್ನೂ ಬಿಟ್ಟರೆ ಯಾರನ್ನ ಕೇಳಲಿ?"

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಊರಿಗೆ ಹೋದಾಗ ಅವಳ ಗೆಳತಿಯರನ್ನು ಕೂರಿಸಿಕೊಂಡು ಕೇಳಿದೆ. ಒಬ್ಬಳೆಂದಳು, ಮೇಷ್ಟ್ರನ್ನು ಹಿಂದಕ್ಕೆ ತಿರುಗಿಸಲಾಗದು, ಯೂಟ್ಯೂಬನ್ನು ತಿರುಗಿಸಬಹುದು. ನಿಜ. ಬೆಂಗಳೂರಿನ ಐ.ಐ.ಎಸ್ಸಿ. ಮತ್ತು ಐ.ಐ.ಟಿ.ಗಳು ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು ಇಂದು ಹಳ್ಳಿಯ ಮೊಬೈಲಿಗೂ ಬಿಟ್ಟಿಯಾಗಿ ಸಿಗುತ್ತವೆ. ಇನ್ನೊಬ್ಬಳು ನಕ್ಕಳು: "ಅಂಕಲ್, ನೋಟ್ಸ್ ನೋಡೋಣ ಅಂತ ತೆಗೀತೀನಿ, ರೀಲ್ಸ್ ನೋಡ್ತಾ ಒಂದು ಗಂಟೆ ಹೋಗಿರುತ್ತೆ." ಮೂರನೆಯವಳು ಟೈಟ್ರೇಷನ್ ವಿಡಿಯೋವನ್ನು ಹತ್ತು ಸಲ ನೋಡಿದ್ದಳು. ಲ್ಯಾಬಿನಲ್ಲಿ ಕೈ ನಡುಗಿ ನಾಲ್ಕು ಹನಿ ಹೆಚ್ಚು ಬಿತ್ತು. ತೆಳು ಗುಲಾಬಿಯಾಗಬೇಕಿದ್ದದ್ದು ಕಡು ಗುಲಾಬಿಯಾಯಿತು. ಬ್ಯುರೆಟ್ಟಿನ ನಲ್ಲಿ ತಿರುಗಿಸುವುದನ್ನು ಕೈಯೇ ಕಲಿಯಬೇಕು. ಫಾರ್ವರ್ಡ್ ಆಗಿ ಬಂದ ಉತ್ತರ ತಪ್ಪಿದ್ದರೆ ಇಡೀ ಗ್ರೂಪೇ ತಪ್ಪು ಬರೆಯುತ್ತದೆ ಎಂದೂ ಅವರೇ ಹೇಳಿದರು. ನಮಗಿಂತ ಚೆನ್ನಾಗಿ ಅವರಿಗೆ ಅದರ ಗುಣದೋಷ ಗೊತ್ತು.

ಈ ಸಲ ಮಗಳು ಉಷ್ಣಗತಿಶಾಸ್ತ್ರದಲ್ಲಿ ಸಿಕ್ಕಿಕೊಂಡಳು. ನಾನೇ ಮೂರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದೆ: "ಮಗಾ, ಎ.ಸಿ. ತಂಪನ್ನು ತಯಾರಿಸೋದಿಲ್ಲ. ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುತ್ತೆ. ಶಾಖ ತಾನಾಗಿ ತಂಪಿನಿಂದ ಬಿಸಿಗೆ ಹೋಗದು, ಅದಕ್ಕೇ ಕಂಪ್ರೆಸರ್ ದುಡಿಯಬೇಕು. ಹೊರಗಿನ ಯೂನಿಟ್ ಬಿಸಿಗಾಳಿ ಊದೋದು ಅದಕ್ಕೇ." ಅವಳು ಅದನ್ನು ಗ್ರೂಪಿಗೆ ಹಾಕಿದಳು. "ನಿಮ್ಮಪ್ಪ ಲೆಕ್ಚರರ್ರಾ?" ಎಂದು ಕೇಳಿದರಂತೆ!

ಬಂಧುಗಳೇ, ಈ ಸಭೆಯಲ್ಲಿ ಎಲೆಕ್ಟ್ರಿಷಿಯನ್ನರಿದ್ದೀರಿ, ನರ್ಸುಗಳಿದ್ದೀರಿ, ವೆಲ್ಡರುಗಳಿದ್ದೀರಿ. ದಿನವೂ ಕೈಯಲ್ಲಿ ವಿಜ್ಞಾನ ಹಿಡಿದೇ ದುಡಿಯುತ್ತೀರಿ. ಊರಿಗೆ ಹಣ ಕಳಿಸುವ ಜೊತೆಗೆ ವಾರಕ್ಕೊಂದು ಪಾಠವನ್ನೂ ಕನ್ನಡದಲ್ಲಿ ಕಳಿಸೋಣ. ಗೊತ್ತಿಲ್ಲದ್ದನ್ನು ಮಾತ್ರ ಫಾರ್ವರ್ಡ್ ಮಾಡುವುದು ಬೇಡ.

ಮಗಳು ಮರುಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಇನ್ನೂ ಬಂದಿಲ್ಲ. ಗ್ರೂಪ್ ಬಿಡು ಎಂದು ಮಾತ್ರ ನಾನು ಮತ್ತೆ ಹೇಳಿಲ್ಲ.

 ಸಿರಿಗನ್ನಡಂ ಗೆಲ್ಗೆ.